ಮೋರ್ಸ್ ಕಲಿತು ಗುಡ್ಡದ ಮೇಲಿಂದ ರೇಡಿಯೊ ಹಚ್ಚಬೇಕು: ಎಲ್ಲಿಂದ ಶುರು ಮಾಡಲಿ?

ವಿಜಯಪುರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಹ್ಯಾಮ್ (ಹವ್ಯಾಸಿ) ರೇಡಿಯೊ ಪರೀಕ್ಷೆಯ ಕೆಳಗಿನ ಹಂತ, ರಿಸ್ಟ್ರಿಕ್ಟೆಡ್ ಗ್ರೇಡ್ ಪಾಸಾಗಿ ನನಗೆ ವಿಯು3 ಅಂತ ಶುರುವಾಗುವ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಹೇಳುವ ಗುರುತು, ಬಂತು. ಈಗ ಮೇಲಿನ ಹಂತ, ಜನರಲ್ ಗ್ರೇಡ್ ಪರೀಕ್ಷೆಗೆ ಕೂರಬೇಕು ಅಂತ ಮೋರ್ಸ್ ಕೋಡ್ ಹಿಡಿದು ಮೂರು ತಿಂಗಳಾಯಿತು. ಚಾರ್ಟ್ ಗೋಡೆಗೆ ಅಂಟಿಸಿ ಇಪ್ಪತ್ತಾರೂ ಅಕ್ಷರ ಬಾಯಿಪಾಠ ಮಾಡಿದ್ದೇನೆ. ಕಾಗದದ ಮೇಲೆ ಚುಕ್ಕೆ, ಗೆರೆ ಬರೆದು ತೋರಿಸಿದರೆ ತಕ್ಷಣ ಹೇಳುತ್ತೇನೆ. ಕಿವಿಗೆ ಬಿದ್ದರೆ ಮಾತ್ರ ಒಂದೂ ಗೊತ್ತಾಗುವುದಿಲ್ಲ. ಒಂದು ಅಕ್ಷರ ಎಣಿಸುವಷ್ಟರಲ್ಲಿ ಮುಂದಿನ ಮೂರು ಹೋಗಿರುತ್ತವೆ.

ಇನ್ನೊಂದು ಆಸೆಯಿದೆ. ಗುಡ್ಡ ಹತ್ತಿ ಸಣ್ಣ ರೇಡಿಯೊ, ಬ್ಯಾಟರಿ, ಒಂದು ತಂತಿ ಇಟ್ಟುಕೊಂಡು ಸಂಪರ್ಕ ಮಾಡುತ್ತಾರಲ್ಲ, ಸೋಟಾ (ಸಮಿಟ್ಸ್ ಆನ್ ದಿ ಏರ್) ಅಂತ, ಅದನ್ನು ಮಾಡಬೇಕು. ನಮ್ಮದು ಬಯಲು ಸೀಮೆ. ಬಾದಾಮಿಗೋ ಬೆಳಗಾವಿಗೋ ಬರಲು ತಯಾರಿದ್ದೇನೆ. ಮೋರ್ಸ್ ಪೂರ್ತಿ ಕೈಗೆ ಬಂದ ಮೇಲೆ ಹೊರಡಲಾ, ಈಗಲೇ ಬರಲಾ? ಏನೇನು ಕೊಳ್ಳಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಬೆಳಗಾವಿಯಿಂದ

ಮೇಡಂ, ಮೊದಲು ಆ ಚಾರ್ಟನ್ನು ಗೋಡೆಯಿಂದ ತೆಗೆದುಬಿಡಿ. ನಿಮ್ಮ ಮೂರು ತಿಂಗಳ ಕಷ್ಟಕ್ಕೆ ಅದೇ ಕಾರಣ. ನನಗೂ ಹಾಗೇ ಆಗಿತ್ತು. ಆರು ತಿಂಗಳು ಕಳೆದುಕೊಂಡೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನನ್ನ ತಂಗಿ ತಬಲಾ ಕಲಿಯುತ್ತಿದ್ದಳು. ಒಂದು ದಿನ ನಾನು ಕಿವಿಗೆ ಇಯರ್‌ಫೋನ್ ಹಾಕಿ ಬೆರಳಲ್ಲಿ ಚುಕ್ಕೆ ಎಣಿಸುತ್ತಾ ಕೂತಿದ್ದೆ. ಅವಳು ನೋಡಿ, 'ಅಣ್ಣಾ, ತಿರಕಿಟ ಅಂತ ಕೇಳಿದಾಗ ಎಷ್ಟು ಪೆಟ್ಟು ಬಿತ್ತು ಅಂತ ಯಾರಾದ್ರೂ ಎಣಿಸ್ತಾರಾ? ತಿರಕಿಟ ಅಂದ್ರೆ ತಿರಕಿಟ, ಅಷ್ಟೇ' ಅಂದಳು. ಅವತ್ತೇ ನನಗೆ ದಾರಿ ಸಿಕ್ಕಿತು. ಮೋರ್ಸ್ ಅಕ್ಷರ ಒಂದು ಬೋಲ್ ಇದ್ದ ಹಾಗೆ. ಪೂರ್ತಿ ಸದ್ದು ಒಟ್ಟಿಗೆ ಕಿವಿಗೆ ಬೀಳಬೇಕು, ಕೈ ಆ ಅಕ್ಷರ ಬರೆಯಬೇಕು. ನಡುವೆ ಲೆಕ್ಕ ಬರಬಾರದು.

ಇದಕ್ಕೆ ಒಂದು ಹಳೆಯ ವಿಧಾನವಿದೆ. ಜರ್ಮನಿಯ ಲುಡ್ವಿಗ್ ಕೋಖ್ 1930ರ ದಶಕದಲ್ಲಿ ತೋರಿಸಿಕೊಟ್ಟದ್ದು. ಎರಡೇ ಅಕ್ಷರದಿಂದ ಶುರು, ಕೆ ಮತ್ತು ಎಂ. ಆದರೆ ವೇಗ ಮೊದಲ ದಿನದಿಂದಲೇ ಜಾಸ್ತಿ ಇರಬೇಕು, ನಿಮಿಷಕ್ಕೆ 18ರಿಂದ 20 ಪದದ ವೇಗ. ಆ ವೇಗದಲ್ಲಿ ಒಂದು ಚುಕ್ಕೆ ಸೆಕೆಂಡಿನ ನೂರರಲ್ಲಿ ಆರು ಪಾಲು ಮಾತ್ರ. ಎಣಿಸಲು ಆಗುವುದೇ ಇಲ್ಲ, ಹಾಗಾಗಿ ಕಿವಿ ತಾನೇ ಸದ್ದನ್ನು ಗುರುತು ಹಿಡಿಯುತ್ತದೆ. ನೂರಕ್ಕೆ ತೊಂಬತ್ತು ಸರಿ ಬಂದರೆ ಮೂರನೆಯ ಅಕ್ಷರ ಸೇರಿಸಿ. ಬರದಿದ್ದರೆ ಅಲ್ಲೇ ಇರಿ. ಮೊದಮೊದಲು ಅಕ್ಷರಗಳ ನಡುವೆ ಬಿಡುವು ಉದ್ದವಾಗಿ ಇಟ್ಟುಕೊಳ್ಳಿ, ಆದರೆ ಅಕ್ಷರದ ಒಳಗಿನ ವೇಗ ಇಳಿಸಬೇಡಿ. ಇದನ್ನು ಫಾರ್ನ್ಸ್‌ವರ್ತ್ ಅಂತಾರೆ. ಎಲ್‌ಸಿಡಬ್ಲ್ಯೂಒ ಅನ್ನುವ ತಾಣದಲ್ಲಿ ಈ ಎಲ್ಲ ಪಾಠ ಪುಕ್ಕಟೆ ಸಿಗುತ್ತದೆ.

ದಿನಕ್ಕೆ ಎರಡು ಸಲ ಕಾಲು ಗಂಟೆ ಸಾಕು. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂತು ಉಳಿದ ಆರು ದಿನ ಬಿಟ್ಟರೆ ಏನೂ ಉಳಿಯುವುದಿಲ್ಲ. ಒಂದು ಅಕ್ಷರ ತಪ್ಪಿತೋ, ಅಲ್ಲೊಂದು ಅಡ್ಡಗೆರೆ ಎಳೆದು ಮುಂದೆ ಹೋಗಿ. ತಪ್ಪಿದ್ದರ ಹಿಂದೆ ಓಡಿದರೆ ಇನ್ನೂ ಮೂರು ತಪ್ಪುತ್ತವೆ, ನೀವೇ ಬರೆದಿದ್ದೀರಲ್ಲ, ಹಾಗೆ. ನಾನು ಪರೀಕ್ಷೆಗೆ ಕೂತಾಗ ನಿಮಿಷಕ್ಕೆ 8 ಪದ ಕೇಳಿದ್ದರು. ಐದು ಅಕ್ಷರಕ್ಕೆ ಒಂದು ಪದ ಅಂತ ಲೆಕ್ಕ ಹಾಕಿ, ಒಂದು ಅಕ್ಷರಕ್ಕೆ ಒಂದೂವರೆ ಸೆಕೆಂಡ್ ಸಿಗುತ್ತದೆ. ಕಿವಿ ಪಳಗಿದ ಮೇಲೆ ಅದು ಬಹಳ ಆರಾಮಿನ ವೇಗ.

ಮೋರ್ಸ್ ಒತ್ತಿ ಕಳಿಸುವ ಕೀ ಕೊಳ್ಳಲು ಈಗಲೇ ಹೋಗಬೇಡಿ. ಕಿವಿಗೆ ಸರಿಯಾದ ಲಯ ಕೂರುವ ಮೊದಲು ಕೈ ಶುರು ಮಾಡಿದರೆ ತಪ್ಪು ಲಯವೇ ಕೈಗೆ ಅಂಟುತ್ತದೆ. ಆಮೇಲೆ ಬಿಡಿಸುವುದು ಕಷ್ಟ.

ಗುಳೇದಗುಡ್ಡದಿಂದ

ತಂಗೀ, ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ನಿವೃತ್ತಿಯಾದ ಮೇಲೆ ಹ್ಯಾಮ್ ಆದೆ. ಬೆಳಗಾವಿಯವರು ತಬಲಾ ಅಂದರು, ನಾನು ಛಂದಸ್ಸಿನ ದಾರಿಯಲ್ಲಿ ಹೋಗಿ ಬಂದೆ. ಆ ಕತೆ ಹೇಳುತ್ತೇನೆ, ನಿನಗೆ ಉಪಯೋಗ ಆದೀತು.

ಮೋರ್ಸ್ ಚಾರ್ಟ್ ನೋಡಿದ ಕೂಡಲೇ ನನಗೆ ಲಘು, ಗುರು ಕಂಡವು. ಮೂರು ಗುರುತಿರುವ ಅಕ್ಷರಗಳನ್ನು ಬೇರೆ ಬರೆದುಕೊಂಡೆ. ಸರಿಯಾಗಿ ಎಂಟು! ನಮ್ಮ ಗಣಗಳೂ ಎಂಟೇ. 'ಯಮಾತಾರಾಜಭಾನಸಲಗಂ' ನಿನಗೂ ಶಾಲೆಯಿಂದ ನೆನಪಿರಬೇಕು. ಯಗಣ ಅಂದರೆ ಡಬ್ಲ್ಯೂ. ಮಗಣ ಒ. ತಗಣ ಜಿ. ರಗಣ ಕೆ. ಜಗಣ ಆರ್. ಭಗಣ ಡಿ. ನಗಣ ಎಸ್. ಸಗಣ ಯು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಸ್‌ಒಎಸ್ ಅಂದರೆ ನಗಣ, ಮಗಣ, ನಗಣ ಅಂತ ಮನೆಯವರನ್ನೆಲ್ಲ ಎಬ್ಬಿಸಿ ಹೇಳಿದೆ.

ಆದರೆ ಕಲಿಕೆಗೆ ಇದು ಕೆಲಸಕ್ಕೆ ಬರಲಿಲ್ಲ. ಸದ್ದು ಕೇಳಿ, ಅದನ್ನು ಲಘು ಗುರು ಮಾಡಿ, ಗಣ ಹೆಸರಿಸಿ, ಆಮೇಲೆ ಅಕ್ಷರಕ್ಕೆ ಬರುವಷ್ಟರಲ್ಲಿ ಬಂಡಿ ಮುಂದೆ ಹೋಗಿರುತ್ತಿತ್ತು. ಮಾತ್ರೆಯ ಲೆಕ್ಕವೂ ಬೇರೆ. ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸ್ ಗೆರೆಗೆ ಮೂರು ಚುಕ್ಕೆಯಷ್ಟು ಉದ್ದ. ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು ಚುಕ್ಕೆಯಷ್ಟು ಮೌನ. ನಾನು ಗುರುವಿನ ಅಭ್ಯಾಸದಲ್ಲಿ ಗೆರೆಯನ್ನು ಗಿಡ್ಡ ಮಾಡಿ ಕಳಿಸುತ್ತಿದ್ದೆ, ಎದುರಿನವರಿಗೆ ತಿಳಿಯುತ್ತಿರಲಿಲ್ಲ.

ಭಾಮಿನಿ ಷಟ್ಪದಿಯನ್ನು ಗಮಕಿಗಳು ಹಾಡಿದಾಗ ನಾವು ಮೂರು ನಾಲ್ಕು ಅಂತ ಗಣ ವಿಂಗಡಿಸುತ್ತಾ ಕೂರುತ್ತೇವಾ? ಲಯ ಮೈಗೆ ಹತ್ತುತ್ತದೆ. ವಿಂಗಡಿಸುವುದು ಆಮೇಲೆ, ಹಲಗೆಯ ಮೇಲೆ. ಮಕ್ಕಳಿಗೆ ಇಷ್ಟು ವರ್ಷ ಹೇಳಿದ ಮಾತನ್ನೇ ನಾನು ಅರವತ್ತೊಂದರಲ್ಲಿ ಮತ್ತೆ ಕಲಿಯಬೇಕಾಯಿತು. ಕಲಿತೆ. ಏಳು ತಿಂಗಳು ಹಿಡಿಯಿತು. ವಯಸ್ಸಾಯಿತು ಅಂತ ಇದನ್ನು ಓದಿ ಹಿಂಜರಿಯುವವರು ಯಾರಾದರೂ ಇದ್ದರೆ ದಯವಿಟ್ಟು ಬಿಡಬೇಡಿ.

ಬಾದಾಮಿಯ ಬಗ್ಗೆ ಒಂದು ಮಾತು. ಗುಹೆ, ಕೋಟೆ ಇರುವ ಗುಡ್ಡಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅಲ್ಲಿ ಅನುಮತಿ ಇಲ್ಲದೆ ಕೋಲು ನೆಟ್ಟು ತಂತಿ ಎಳೆಯಬಾರದು. ಮಂಗಗಳಂತೂ ಚೀಲದ ಜಿಪ್ ತೆಗೆಯುವುದನ್ನು ಕಲಿತಿವೆ. ಸುತ್ತಮುತ್ತ ಬೇರೆ ಗುಡ್ಡಗಳು ಬೇಕಾದಷ್ಟಿವೆ. ಎಲ್ಲ ಮರಳುಗಲ್ಲು, ಗೂಟ ಇಳಿಯುವುದಿಲ್ಲ. ಹಗ್ಗವನ್ನು ಕಲ್ಲಿಗೆ ಸುತ್ತಿ ಕಟ್ಟುವುದನ್ನು ಮನೆಯಲ್ಲೇ ರೂಢಿ ಮಾಡಿಕೊಂಡು ಬಾ. ಹೆಜ್ಜೇನು ಕಂಡರೆ ಆ ಬಂಡೆಯ ಕಡೆ ಹೋಗಲೇಬೇಡ.

ಸಿಂದಗಿಯಿಂದ

ನಮ್ಮ ತಂದೆ ಟೆಲಿಗ್ರಾಫ್ ಆಫೀಸಿನಲ್ಲಿದ್ದರು. ಅಲ್ಲಿ ಪೀಂ ಪೀಂ ಸದ್ದು ಇರಲಿಲ್ಲ, ಸೌಂಡರ್ ಅನ್ನುವ ಹಿತ್ತಾಳೆಯ ಯಂತ್ರ ಕಟಕಟ ಅನ್ನುತ್ತಿತ್ತು. ಅವರು ಪಕ್ಕದವರ ಜೊತೆ ಮಾತಾಡುತ್ತಲೇ ತಾರು ಬರೆದುಕೊಳ್ಳುತ್ತಿದ್ದರು. 2013ರ ಜುಲೈನಲ್ಲಿ ತಾರು ಸೇವೆ ನಿಂತ ದಿನ ಅವರು ಊಟ ಮಾಡಲಿಲ್ಲ. ನಾನು ಮೋರ್ಸ್ ಕಲಿತದ್ದು ಅವರಿಗೋಸ್ಕರ.

ಅಕ್ಕಾವರೇ, ಬಯಲು ಸೀಮೆ ಅಂತ ಬೇಸರ ಬೇಡ. ಊರೊಳಗೆ ಎಲ್‌ಇಡಿ ಬಲ್ಬು, ಇನ್ವರ್ಟರು, ಚಾರ್ಜರುಗಳ ಗುಂಯ್ ಸದ್ದಿನಲ್ಲಿ ಸಣ್ಣ ಸಿಗ್ನಲ್ ಮುಳುಗಿಹೋಗುತ್ತದೆ. ಗುಡ್ಡದ ಮೇಲೆ ಆ ಗಲಾಟೆ ಇರುವುದಿಲ್ಲ, ಹೊಲದಲ್ಲೂ ಇರುವುದಿಲ್ಲ. ಹಸಿ ಇರುವ ಎರೆ ಮಣ್ಣು ರೇಡಿಯೊಗೆ ಒಳ್ಳೆಯ ನೆಲ. ಮಳೆಗಾಲ ಮುಗಿದ ಮೇಲೆ ನೆಟ್ಟಗೆ ನಿಲ್ಲುವ ಐದು ಮೀಟರ್ ತಂತಿ, ನೆಲದ ಮೇಲೆ ನಾಲ್ಕು ತಂತಿ ಹಾಸಿ 20 ಮೀಟರ್ ಬ್ಯಾಂಡಿನಲ್ಲಿ (14 ಮೆಗಾಹರ್ಟ್ಸ್ ಸುತ್ತ) ಕೇಳಿ ನೋಡಿ. ಬಾದಾಮಿಯ ಒಣ ಬಂಡೆ ಇಷ್ಟು ಸಹಾಯ ಮಾಡುವುದಿಲ್ಲ, ಅಲ್ಲಿ ನಡುವಿನಿಂದ ಎರಡೂ ಕಡೆ ತಂತಿ ಎಳೆಯುವ ಡೈಪೋಲ್ ವಾಸಿ.

ವಿಜಯಪುರದಿಂದ

ಚಾರ್ಟ್ ತೆಗೆದೆ! ಗಣದ ವಿಷಯ ಓದಿ ಮೈ ಜುಮ್ಮೆಂದಿತು ಸರ್. ಆದರೆ ನೆನಪಿಟ್ಟುಕೊಳ್ಳುವುದಿಲ್ಲ, ಪ್ರಾಮಿಸ್. ಗುಡ್ಡಕ್ಕೆ ಯಾವಾಗ ಹೋಗಬೇಕು, ಏನು ಒಯ್ಯಬೇಕು, ಅದನ್ನೂ ಹೇಳಿ.

ಬೆಳಗಾವಿಯಿಂದ

ಪೂರ್ತಿ ಬರುವ ತನಕ ಕಾಯಬೇಡಿ. ಗುಡ್ಡದ ಮೋರ್ಸ್ ಮನೆಯ ಮೋರ್ಸಿಗಿಂತ ಸುಲಭ, ಯಾಕೆಂದರೆ ಮಾತು ನಿಗದಿಯಾಗಿದೆ. ನೀವು ಸಿಕ್ಯೂ (ಯಾರಾದರೂ ಇದ್ದೀರಾ) ಸೋಟಾ ಅಂತ ಕರೆದು ನಿಮ್ಮ ಕಾಲ್‌ಸೈನ್ ಕೊಡುತ್ತೀರಿ. ಅವರು ತಮ್ಮ ಕಾಲ್‌ಸೈನ್ ಕೊಡುತ್ತಾರೆ. ನೀವು 599, ಅಂದರೆ ಸಿಗ್ನಲ್ ಚೆನ್ನಾಗಿದೆ ಅಂತ, ಕೊಡುತ್ತೀರಿ. ಅದನ್ನೂ 5ಎನ್‌ಎನ್ ಅಂತ ಚಿಕ್ಕದಾಗಿ ಕಳಿಸುತ್ತಾರೆ, 9ಕ್ಕೆ ನಾಲ್ಕು ಗೆರೆ ಒಂದು ಚುಕ್ಕೆ, ಎನ್‌ಗೆ ಒಂದು ಗೆರೆ ಒಂದು ಚುಕ್ಕೆ. ಗುಡ್ಡದ ಸಂಖ್ಯೆ, ಟಿಯು (ಧನ್ಯವಾದ), 73 (ಶುಭಾಶಯ), ಮುಗಿಯಿತು. ನೀವು ಹೊಸದಾಗಿ ಹಿಡಿಯಬೇಕಾದದ್ದು ಎದುರಿನ ಕಾಲ್‌ಸೈನ್ ಒಂದೇ. ಸಿಗದಿದ್ದರೆ ಕ್ಯೂಆರ್‌ಎಸ್ ಅನ್ನಿ, ನಿಧಾನ ಮಾಡುತ್ತಾರೆ.

ನನ್ನ ಮೊದಲ ಸಲ ಹೇಳುತ್ತೇನೆ. ಡಿಸೆಂಬರ್, ಖಾನಾಪುರದ ಕಡೆಯ ಒಂದು ಗುಡ್ಡ. 5 ವಾಟ್ ರೇಡಿಯೊ. ಹತ್ತಿದ ಕೂಡಲೇ ಕೀ ಹಿಡಿದೆ. ಏದುಸಿರು, ಕೈ ನಡುಕ, ಕಳಿಸಿದ್ದು ನನಗೇ ತಿಳಿಯಲಿಲ್ಲ. ಹತ್ತು ನಿಮಿಷ ಸುಮ್ನೆ ಕೂತೆ, ನೀರು ಕುಡಿದೆ, ರೊಟ್ಟಿ ಶೇಂಗಾ ಹಿಂಡಿ ತಿಂದೆ. ಆಮೇಲೆ 14.060 ಮೆಗಾಹರ್ಟ್ಸ್ ಸುತ್ತ ಖಾಲಿ ಜಾಗ ನೋಡಿ ಕರೆದೆ. ಹೊತ್ತು ಇಳಿಯುತ್ತಿತ್ತು, ಆ ಹೊತ್ತಿಗೆ 20 ಮೀಟರ್ ಯುರೋಪಿನ ಕಡೆ ತೆರೆದುಕೊಳ್ಳುತ್ತದೆ. ಒಬ್ಬರು ಬಂದರು, ಭಾರೀ ವೇಗ. ಮೊದಲ ಅಕ್ಷರ ಐ ಅಂತ ಮಾತ್ರ ಸಿಕ್ಕಿತು. ಕ್ಯೂಆರ್‌ಎಸ್ ಅಂದೆ. ಅವರು ಒಂದೊಂದೇ ಅಕ್ಷರ ಬಿಡಿಸಿ, ಮಗುವಿಗೆ ತುತ್ತು ಕೊಟ್ಟಂತೆ ಮತ್ತೆ ಕಳಿಸಿದರು. ಇಟಲಿ. ಸುಮಾರು 6,500 ಕಿಲೋಮೀಟರ್. ಯಾರೋ ಗುರುತಿಲ್ಲದ ಮನುಷ್ಯ ನನಗೋಸ್ಕರ ನಿಧಾನ ಮಾಡಿದ್ದು ಈಗಲೂ ನೆನಪಾದರೆ ಗಂಟಲು ತುಂಬುತ್ತದೆ.

ಸೋಟಾ 2002ರ ಮಾರ್ಚ್ 2ರಂದು ಬ್ರಿಟನ್ನಿನಲ್ಲಿ ಶುರುವಾದದ್ದು. ಅದರ ನಿಯಮ ಹೆಚ್ಚಿಲ್ಲ. ಕೊನೆಯ ಏರನ್ನು ಮೋಟಾರ್ ಗಾಡಿಯಿಲ್ಲದೆ ಹತ್ತಬೇಕು. ತುದಿಯಿಂದ ಎತ್ತರದಲ್ಲಿ 25 ಮೀಟರ್ ಒಳಗೆ ಕೂರಬೇಕು. ಗಾಡಿಯಿಂದ, ಜನರೇಟರ್‌ನಿಂದ ಕರೆಂಟ್ ತೆಗೆದುಕೊಳ್ಳುವಂತಿಲ್ಲ. ಪಾಯಿಂಟ್ ಬೇಕಾದರೆ ನಾಲ್ಕು ಸಂಪರ್ಕ ಆಗಬೇಕು. ಆದರೆ ಎಲ್ಲ ಗುಡ್ಡವೂ ಲೆಕ್ಕಕ್ಕೆ ಬರುವುದಿಲ್ಲ, ಸುತ್ತಲಿನ ನೆಲದಿಂದ ಸಾಮಾನ್ಯವಾಗಿ 150 ಮೀಟರ್ ಎದ್ದು ನಿಂತಿರಬೇಕು. ಅದಕ್ಕೇ ಹೊರಡುವ ಮೊದಲು ಸೋಟಾ ಗುಡ್ಡಗಳ ಪಟ್ಟಿ ನೋಡಿ. ನಾನು ಅಭ್ಯಾಸಕ್ಕೆ ಯಳ್ಳೂರಿನ ರಾಜಹಂಸಗಡಕ್ಕೆ ಹೋಗುತ್ತೇನೆ. ಮೇಲಿನ ತನಕ ರಸ್ತೆಯಿದೆ, ಏನಾದರೂ ಮರೆತರೆ ತಾಪತ್ರಯವಿಲ್ಲ. ಭೀಮಗಡದ ಕಡೆ ಅಭಯಾರಣ್ಯ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡಬೇಡಿ.

ಸಾಮಾನು: 40 ಮೀಟರ್ ಬ್ಯಾಂಡಿಗೆ ಎರಡೂ ಕಡೆ ಹತ್ತತ್ತು ಮೀಟರಿನ ತಂತಿ, ನಡುವೆ ಒಂದು ಮೀನಿನ ಗಾಳದ ಫೈಬರ್ ಕೋಲು. ಬೆಳಗಿನ ಹೊತ್ತು ಬೆಂಗಳೂರು, ಹೈದರಾಬಾದ್, ಚೆನ್ನೈ ಇದರಲ್ಲೇ ಸಿಗುತ್ತವೆ, ನಾಲ್ಕು ಸಂಪರ್ಕ ಬೇಗ ಆಗುತ್ತದೆ. ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್-ಅವರ್ ಬ್ಯಾಟರಿ ಒಯ್ಯಬೇಡಿ, ಎರಡು ಕಿಲೋ ಮೇಲೆ ತೂಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಕೊಳ್ಳಿ, ಹಣ ಜಾಸ್ತಿ ಆದರೂ ಬೆನ್ನಿಗೆ ಹಗುರ. ಬರೆಯಲು ಪೆನ್ಸಿಲ್, ಸಣ್ಣ ನೋಟ್‌ಬುಕ್, ಹಾಳೆ ಹಾರದಂತೆ ರಬ್ಬರ್ ಬ್ಯಾಂಡ್. ಬಿಸಿಲಲ್ಲಿ ಫೋನ್ ಪರದೆ ಕಾಣುವುದಿಲ್ಲ. ಲೈಸೆನ್ಸಿನ ಪ್ರತಿ ಚೀಲದಲ್ಲೇ ಇರಲಿ, ನಮ್ಮಲ್ಲಿ ಮಿಲಿಟರಿ ಜಾಗಗಳಿವೆ, ತಂತಿ ಕಂಡರೆ ಜನ ಕೇಳುತ್ತಾರೆ. ಕುರಿ ಕಾಯುವವರು ಬಂದರೆ ಹೆಡ್‌ಫೋನ್ ಕೊಟ್ಟು ಕೇಳಿಸಿ, ಬಹಳ ಖುಷಿಪಡುತ್ತಾರೆ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡ್ಡದ ತುದಿಯಲ್ಲಿ ಇರಬೇಡಿ. ರೇಡಿಯೊದಲ್ಲಿ ಚಟಪಟ ಸದ್ದು ಶುರುವಾಯಿತು ಅಂದರೆ ಎಲ್ಲೋ ಸಿಡಿಲು ಬೀಳುತ್ತಿದೆ ಅಂತ ಅರ್ಥ. ಆಕಾಶ ನೀಲಿ ಇದ್ದರೂ ತಂತಿ ಸುತ್ತಿ ಇಳಿದುಬಿಡಿ. ಇದರಲ್ಲಿ ರಾಜಿ ಇಲ್ಲ.

ಜನರಲ್ ಬರುವ ತನಕ ಕೀ ಒತ್ತುವುದು ನನ್ನ ಕೆಲಸ, ಲಾಗ್ (ಸಂಪರ್ಕಗಳ ದಾಖಲೆ) ಬರೆಯುವುದು ನಿಮ್ಮ ಕೆಲಸ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಬರುವ ಭಾನುವಾರ ಬೆಳಿಗ್ಗೆ 8ಕ್ಕೆ ರಾಜಹಂಸಗಡದಿಂದ 7.030 ಮೆಗಾಹರ್ಟ್ಸ್ ಹತ್ತಿರ ಇರುತ್ತೇನೆ. ಇಂಟರ್ನೆಟ್ ರಿಸೀವರಿನಲ್ಲಾದರೂ ಕೇಳಿ. ಅಕ್ಷರ ವೇಗವಾಗಿ, ನಡುವೆ ಬಿಡುವು ಉದ್ದವಾಗಿ ಕಳಿಸುತ್ತೇನೆ. ಕೆ, ಎಂ, ಯು, ಆರ್ ಮಾತ್ರ.

ಗುಳೇದಗುಡ್ಡದಿಂದ

ನಾನೂ ಕೇಳುತ್ತಿರುತ್ತೇನೆ. ತಂಗೀ, ಬರೆದುಕೊಂಡದ್ದನ್ನು ಇಲ್ಲಿ ಹಾಕು, ತಪ್ಪಿದ್ದ ಕಡೆ ಅಡ್ಡಗೆರೆ ಹಾಗೇ ಇರಲಿ.