ಹಿಂದೆ ಮುಂದೆ ಓಡುವ ನೆನಪಿನ ಸಿನಿಮಾಗಳನ್ನು ನೀವು ಹೇಗೆ ನೋಡುತ್ತೀರಿ?

ಕೇಳಿದವರು: ‘ಮೆಮೆಂಟೊ’ ಎರಡು ಸಲ ಶುರು ಮಾಡಿದೆ, ಎರಡು ಸಲವೂ ನಲವತ್ತನೇ ನಿಮಿಷಕ್ಕೆ ನಿಲ್ಲಿಸಿದೆ. ಇಂಥ ಸಿನಿಮಾಗಳ ಕಥೆ ಮೊದಲೇ ಓದಿಕೊಳ್ಳಬೇಕಾ, ಸುಮ್ನೆ ನೋಡುತ್ತಾ ಹೋಗಬೇಕಾ? ಅನುಭವ ಇದ್ದವರು ಹೇಳಿ.

ಹಳೇ ರೀಲು: ಓದಿಕೊಳ್ಳಲೇಬೇಡಿ. ಮೊದಲೇ ತಿಳಿದುಕೊಂಡು ಕೆಟ್ಟವನು ನಾನು. ಕಪ್ಪು-ಬಿಳುಪಿನ ದೃಶ್ಯಗಳು ಮುಂದಕ್ಕೆ ಹೋಗುತ್ತವೆ, ಬಣ್ಣದವು ಹಿಂದಕ್ಕೆ, ಕೊನೆಗೆ ಎರಡೂ ಸೇರುತ್ತವೆ ಅಂತ ಗೆಳೆಯನೊಬ್ಬ ಬಾಯಿಬಿಟ್ಟ. ಮುಗಿಯಿತು. ಪೋಲರಾಯ್ಡ್ ಫೋಟೊ ನಿಧಾನಕ್ಕೆ ಮೂಡುತ್ತಾ ಕಪ್ಪು-ಬಿಳುಪೆಲ್ಲ ಬಣ್ಣಕ್ಕೆ ತಿರುಗುತ್ತದಲ್ಲ, ಆಗ ಮೈ ಜುಂ ಅನ್ನಬೇಕಿತ್ತು. ನಾನು ‘ಹಾಂ, ಇಲ್ಲೇ’ ಅಂತ ತಲೆಯಾಡಿಸಿದೆ, ಅಷ್ಟೆ. ಆಮೇಲೆ ಐದು ಸಲ ನೋಡಿದ್ದೇನೆ. ಆ ಮೊದಲ ನೋಟ ಮತ್ತೆ ಸಿಗಲಿಲ್ಲ. ಅವನ ಮೇಲೆ ಇವತ್ತಿಗೂ ಸಿಟ್ಟಿದೆ.

ಎರಡು ಕಾಲಂ: ಕೇಳಿದವರು ಇನ್ನೂ ಪೂರ್ತಿ ನೋಡಿಲ್ಲ ಸ್ವಾಮಿ! ನಿಮ್ಮ ಗೆಳೆಯ ಮಾಡಿದ್ದನ್ನೇ ನೀವೂ ಮಾಡಿದಿರಿ.

ನನ್ನ ದಾರಿ ಬೇರೆ. ‘ಎಟರ್ನಲ್ ಸನ್‌ಶೈನ್’ಗೆ ಮೂರು ರಾತ್ರಿ ಕೊಟ್ಟೆ. ಅದರಲ್ಲಿ ಟೈಟಲ್ ಬರುವುದೇ ಕಾಲು ಗಂಟೆ ದಾಟಿದ ಮೇಲೆ. ಮೊದಲ ರಾತ್ರಿ ಅಲ್ಲೇ ದಾರಿ ತಪ್ಪಿದೆ. ಎರಡನೇ ರಾತ್ರಿ ನೋಟ್‌ಬುಕ್ ಹಿಡಿದು ಕೂತೆ. ಎಡಗಡೆ ತೆರೆಯ ಮೇಲೆ ಬಂದ ಕ್ರಮ, ಬಲಗಡೆ ನಿಜವಾಗಿ ನಡೆದ ಕ್ರಮ. 108 ನಿಮಿಷದ ಚಿತ್ರಕ್ಕೆ ನಾಲ್ಕೂಕಾಲು ಗಂಟೆ ಹಿಡಿಯಿತು, ಹನ್ನೊಂದು ಪುಟ ತುಂಬಿತು. ಏಳನೇ ಪುಟದಿಂದ ಎಲ್ಲ ತಪ್ಪು, ಹೊಡೆದುಹಾಕಿದೆ. ಮೂರನೇ ರಾತ್ರಿ ನಾಯಕಿಯ ಕೂದಲು ಕಣ್ಣಿಗೆ ಬಿತ್ತು. ಹಸಿರು, ಕೆಂಪು, ಕಿತ್ತಳೆ, ನೀಲಿ. ಬಣ್ಣವೇ ಕ್ಯಾಲೆಂಡರ್! ಯಾರೂ ಹೇಳಿಕೊಡದೆ ನಾನೇ ಕಂಡುಕೊಂಡೆ. ಆ ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದೇನೆ.

ಕಿಟಕಿ ಪಕ್ಕ: ನಾಲ್ಕೂಕಾಲು ಗಂಟೆ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಅದು ಲೆಕ್ಕ ಬರೆದ ಹಾಗೆ, ಸಿನಿಮಾ ನೋಡಿದ ಹಾಗಲ್ಲ.

ಅಪ್ಪನಿಗೆ ಮರೆವಿನ ಕಾಯಿಲೆ ಆರು ವರ್ಷ ಇತ್ತು. ಅವರು ಹೋದ ಮೇಲೆ ‘ದಿ ಫಾದರ್’ (2020) ನೋಡಿದೆ. ಅದರಲ್ಲಿ ಇದ್ದಕ್ಕಿದ್ದಂತೆ ಮಗಳ ಜಾಗದಲ್ಲಿ ಬೇರೆ ನಟಿ ಬಂದು ನಿಲ್ಲುತ್ತಾಳೆ. ಮನೆಯ ಸಾಮಾನು ಬದಲಾಗುತ್ತಾ ಹೋಗುತ್ತದೆ. ಯಾವುದು ಮೊದಲು ಅಂತ ಒಂದು ಸಲವೂ ಯೋಚಿಸಲಿಲ್ಲ. ಒಂದು ದಿನ ಅಪ್ಪನಿಗೆ ನೀರು ಕೊಡಲು ಹೋಗಿದ್ದೆ. ಲೋಟದ ಮೇಲೆ ಅಂಗೈ ಮುಚ್ಚಿ, ‘ನನ್ನ ಮಗಳಿಗೆ ಇಡಮ್ಮ, ಅವಳು ಇನ್ನೂ ಬಂದಿಲ್ಲ’ ಅಂದರು. ಅವರ ತಲೆಯೊಳಗೆ ಏನಾಗುತ್ತಿತ್ತು ಅಂತ ಯಾವ ಡಾಕ್ಟರೂ ಹೇಳಿರಲಿಲ್ಲ. ಈ ಸಿನಿಮಾ ನೋಡಿ ಗೊತ್ತಾಯಿತು. ಎರಡನೇ ಸಲ ನೋಡುವ ಧೈರ್ಯ ಇಲ್ಲ.

ಎರಡು ಕಾಲಂ: ನಿಮ್ಮ ಅಪ್ಪನ ವಿಷಯ ಓದಿ ಬೇಜಾರಾಯಿತು. ಆದರೂ ನನ್ನ ಶ್ರಮವನ್ನು ಲೆಕ್ಕ ಅನ್ನಬೇಡಿ. ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ ‘ಮಿರರ್’ನಲ್ಲಿ (1975) ತಾಯಿ, ಹೆಂಡತಿ ಎರಡೂ ಪಾತ್ರ ಒಬ್ಬಳೇ ನಟಿಯದು. ನಾಲ್ಕು ಸಲ ಅರ್ಧಕ್ಕೆ ಬಿಟ್ಟಿದ್ದೆ. ಬರೆದುಕೊಂಡ ಮೇಲೇ ದಕ್ಕಿದ್ದು.

ಕಿಟಕಿ ಪಕ್ಕ: ಇಬ್ಬರೂ ಒಂದೇ ಥರ ಕಾಣಬೇಕು ಅಂತಲೇ ಅಲ್ವಾ ಹಾಗೆ ಮಾಡಿದ್ದು? ಅದನ್ನು ನೀವು ಬಿಡಿಸಿಟ್ಟಿರಿ.

ನೇರ ದಾರಿ: ಇಷ್ಟು ಜಗಳ ಯಾಕೆ? ‘ಮೆಮೆಂಟೊ’ದ ಒಂದು ಡಿವಿಡಿಯಲ್ಲಿ ಇಡೀ ಚಿತ್ರ ಕಾಲಕ್ರಮದಲ್ಲೇ ಇದೆ, ಹುಡುಕಿ ತೆಗೆಯಬೇಕು. ನಾನು ಮೊದಲು ನೋಡಿದ್ದೇ ಅದನ್ನು. ಒಂದು ಗೊಂದಲವೂ ಇಲ್ಲ.

ಹಳೇ ರೀಲು: ಗೊಂದಲ ಇಲ್ಲದಿದ್ದರೆ ಉಳಿದದ್ದೇನು? ‘ಮೆಮೆಂಟೊ’ದ ನಾಯಕನಿಗೆ ಹೊಸ ನೆನಪು ನಿಲ್ಲುವುದಿಲ್ಲ. ಹಿಂದಿನಿಂದ ನೋಡಿದಾಗ ಈಗ ತಾನೇ ಏನಾಯಿತು ಅಂತ ನಮಗೂ ಗೊತ್ತಿರುವುದಿಲ್ಲ. ನಾವೂ ಅವನ ಹಾಗೇ ಕೈಯಲ್ಲಿ ಒಂದು ಫೋಟೊ ಹಿಡಿದು ನಿಂತಿರುತ್ತೇವೆ. ನೇರ ಮಾಡಿದರೆ ಅವನಿಗಿಂತ ನಮಗೇ ಜಾಸ್ತಿ ಗೊತ್ತು. ದಯವಿಟ್ಟು ಇವರಿಗೆ ಅದನ್ನು ಹೇಳಿಕೊಡಬೇಡಿ.

ನೇರ ದಾರಿ: ಕೊನೆ ಏನು ಅಂತ ಹೇಳಿಬಿಟ್ಟವರು ನೀವು. ನನಗೆ ಬುದ್ಧಿ ಹೇಳುತ್ತೀರಾ?

ಕೇಳಿದವರು: ಕಪ್ಪು-ಬಿಳುಪಿನದು ಮುಂದಕ್ಕೆ ಹೋಗುತ್ತದೆ ಅಂತ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.