ಪೈಪ್ ಒಳಗೆ ಗುಳುಗುಳು, ಬಾಯಿಗೆ ಕಹಿ ನೀರು: ಹೊಗೆ ಒಣಗಿ ಬರಬೇಕಾದರೆ ಹೇಗೆ ಕೊರೆಯಬೇಕು?

ಕಾಳಿದಂಡೆ (ಕಾರವಾರ)

ಹುಣಸೆ ಚೇಗಿನಲ್ಲಿ ಕಡೆದ ನೇರ ತಂಬಾಕು ಪೈಪ್. ಅರ್ಧ ಬಟ್ಟಲು ಉರಿಯುವಷ್ಟರಲ್ಲಿ ಒಳಗಿಂದ ಗುಳುಗುಳು ಶಬ್ದ ಶುರುವಾಗುತ್ತದೆ. ಇನ್ನೆರಡು ದಮ್ಮು ಎಳೆದರೆ ಕಹಿಯಾದ ಕಂದು ನೀರು ನಾಲಿಗೆಗೆ. ತಳದ ತಂಬಾಕು ಒದ್ದೆಯಾಗಿ ಹೊತ್ತುವುದೇ ಇಲ್ಲ, ಕೆದಕಿ ತೆಗೆಯಬೇಕು.

ವರ್ನಿಯರ್ ಅಳತೆಗಳು: ಬಟ್ಟಲಿನ ಕುಳಿ 20 ಮಿಮೀ ಅಗಲ, 38 ಮಿಮೀ ಆಳ. ಗಾಳಿರಂಧ್ರ 4 ಮಿಮೀ, ಕುಳಿಯ ತಳಕ್ಕಿಂತ 3 ಮಿಮೀ ಮೇಲೆ ತೆರೆದಿದೆ. ಶಾಂಕಿನ (ಬಟ್ಟಲಿನಿಂದ ಚಾಚಿದ ಮರದ ಕತ್ತು) ಮಾರ್ಟಿಸ್, ಅಂದರೆ ಸ್ಟೆಮ್ (ಬಾಯಿಗಿಡುವ ಕೊಳವೆ) ಕೂರುವ ತೂತು, 8 ಮಿಮೀ ಅಗಲ, 20 ಮಿಮೀ ಆಳ. ಟೆನನ್ (ಮಾರ್ಟಿಸಿನೊಳಗೆ ಹೋಗುವ ಸ್ಟೆಮ್ಮಿನ ತುದಿ) ಉದ್ದ 15 ಮಿಮೀ. ಸ್ಟೆಮ್ ಅಕ್ರಿಲಿಕ್, ಉದ್ದಕ್ಕೂ 2.5 ಮಿಮೀ ತೂತು. ಬಾಯಿ ತುದಿಯ ಸೀಳು 1 ಮಿಮೀ ಎತ್ತರ, 6 ಮಿಮೀ ಅಗಲ.

ಮರ ಬದಲಿಸಬೇಕೇ, ಫಿಲ್ಟರ್ ಹಾಕಬೇಕೇ? ಮಳೆಗಾಲದಲ್ಲಿ ತೊಂದರೆ ಎರಡು ಪಟ್ಟು.

ತಿರುಗಣಿ_ಶಿರಸಿ

ಮರದ ತಂಟೆಗೆ ಈಗಲೇ ಹೋಗಬೇಡಿ. ತಪ್ಪು ನಿಮ್ಮ ಅಳತೆಗಳಲ್ಲೇ ಇದೆ.

ನೀರು ಬರುವುದನ್ನು ಯಾರೂ ತಪ್ಪಿಸಲಾರರು. 2 ಗ್ರಾಂ ತಂಬಾಕಿನಲ್ಲಿ ಶೇ. 18 ತೇವ ಇದ್ದರೆ ಅದರೊಳಗೇ 0.36 ಗ್ರಾಂ ನೀರಿದೆ. ಅದನ್ನು ಪೂರ್ತಿ ಒಣಗಿಸಿದರೂ ಉರಿಯುವಾಗ ಹೊಸದಾಗಿ ನೀರು ಹುಟ್ಟುತ್ತದೆ. ಎಲೆಯಲ್ಲಿರುವ ಸೆಲ್ಯುಲೋಸ್ ಪೂರ್ತಿ ಉರಿದರೆ ಪ್ರತಿ ಗ್ರಾಂಗೆ ಸುಮಾರು 0.55 ಗ್ರಾಂ ನೀರು. ಪೈಪಿನಲ್ಲಿ ಪೂರ್ತಿ ಉರಿಯುವುದಿಲ್ಲ ನಿಜ, ಆದರೂ ಆವಿ ಇದ್ದೇ ಇರುತ್ತದೆ. ಹಾಗಾಗಿ ನಾವು ಕೇಳಬೇಕಾದ್ದು ಒಂದೇ: ಆ ಆವಿ ಎಲ್ಲಿ ನೀರಾಗಬೇಕು?

ಇದಕ್ಕೆ ಎರಡು ದಾರಿಗಳಿವೆ. ಒಂದು, ಕುಳಿಯಿಂದ ತುಟಿಯವರೆಗೆ ದಾರಿ ಎಲ್ಲೂ ಅಗಲವಾಗದೆ, ಕಿರಿದಾಗದೆ, ಮೆಟ್ಟಿಲಿಲ್ಲದೆ ಸಾಗಬೇಕು. ಆಗ ಆವಿ ಹೊಗೆಯ ಜೊತೆಗೇ ಹೊರಗೆ ಹೋಗುತ್ತದೆ. ಇನ್ನೊಂದು, ಬೇಕೆಂದೇ ದೊಡ್ಡ ಕೋಣೆ ಕೊರೆದು, ಅಲ್ಲಿ ಹೊಗೆಯನ್ನು ನಿಧಾನಿಸಿ ತಣಿಸಿ, ನೀರನ್ನು ಗಾಳಿದಾರಿಯಿಂದ ಕೆಳಗೆ ಇಳಿಸಿಬಿಡಬೇಕು. ನಿಮ್ಮದು ಇವೆರಡರ ನಡುವೆ ಸಿಕ್ಕಿಕೊಂಡಿದೆ. ಟೆನನ್ ತುದಿಗೂ ಮಾರ್ಟಿಸ್ ತಳಕ್ಕೂ ನಡುವೆ 5 ಮಿಮೀ ಖಾಲಿ ಜಾಗ ಉಳಿದಿದೆ. 4 ಮಿಮೀ ತೂತಿನಿಂದ ಬಂದ ಹೊಗೆ ಅಲ್ಲಿ 8 ಮಿಮೀ ಅಗಲಕ್ಕೆ ಹರಡುತ್ತದೆ, ವೇಗ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಸುಳಿ ಸುತ್ತುತ್ತದೆ, ತಣ್ಣನೆಯ ಗೋಡೆಗೆ ತಾಗಿ ಇಡ್ಲಿ ಪಾತ್ರೆಯ ಮುಚ್ಚಳದಂತೆ ಹನಿಗಟ್ಟುತ್ತದೆ. ನೀರು ಹಿಡಿದಿಡುವಷ್ಟು ದೊಡ್ಡದಲ್ಲ, ನೀರಾಗದಂತೆ ಬಿಡುವಷ್ಟು ಸಣ್ಣದೂ ಅಲ್ಲ ಆ ಜಾಗ. ತುಂಬಿದ ಕೂಡಲೇ ಮುಂದಿನ ದಮ್ಮು ಆ ನೀರನ್ನು ಸ್ಟೆಮ್ಮಿಗೆ ಎತ್ತುತ್ತದೆ. ಗುಳುಗುಳು ಶಬ್ದ ಅಲ್ಲಿಯದೇ.

ಎರಡನೆಯದು 2.5 ಮಿಮೀ ಸ್ಟೆಮ್. ಕೊಳವೆ ಕಿರಿದಾದಂತೆ ಅಷ್ಟೇ ಗಾಳಿ ಎಳೆಯಲು ಬೇಕಾದ ಬಲ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಏರುತ್ತದೆ. 4 ಮಿಮೀ ತೂತಿಗೆ ಹೋಲಿಸಿದರೆ 2.5 ಮಿಮೀ ತೂತಿಗೆ ಸುಮಾರು 6.5 ಪಟ್ಟು ಜೋರು ಎಳೆತ ಬೇಕು. ಜೋರಾಗಿ ಎಳೆದರೆ ಕೆಂಡ ಭಗ್ಗನೆ ಏರುತ್ತದೆ, ಒಂದೇ ದಮ್ಮಿಗೆ ಹೆಚ್ಚು ತಂಬಾಕು ಉರಿಯುತ್ತದೆ, ಹೆಚ್ಚು ಆವಿ ಒಮ್ಮೆಲೇ ಬರುತ್ತದೆ.

ಖಾತ್ರಿಯಾಗಬೇಕಿದ್ದರೆ ಬಟ್ಟಲು ಅರ್ಧ ಉರಿದಾಗ ಕೆಳಗಿಟ್ಟು, ಪೂರ್ತಿ ಆರಿದ ಮೇಲೆ ಸ್ಟೆಮ್ ಬಿಚ್ಚಿ. ಒಣ ಪೈಪ್ ಕ್ಲೀನರನ್ನು (ನೂಲು ಹೊದಿಸಿದ ಬಾಗುವ ತಂತಿ) ಮಾರ್ಟಿಸಿಗೆ ತಳ ಮುಟ್ಟುವವರೆಗೆ ತಳ್ಳಿ ತೆಗೆಯಿರಿ, ಬೇರೊಂದನ್ನು ಸ್ಟೆಮ್ಮಿನೊಳಗೆ. ತುದಿಯ 5 ಮಿಮೀ ಮಾತ್ರ ನೆನೆದು ಕಂದಾಗಿದ್ದರೆ ದೋಷ ಆ ಖಾಲಿ ಜಾಗದ್ದು. ಸ್ಟೆಮ್ಮಿನ ಬಾಯಿ ತುದಿಯಲ್ಲಿ ಬಣ್ಣವಿಲ್ಲದ ತೇವ ಕಂಡರೆ ಅದು ಬರೀ ಎಂಜಲು.

ಕಾಳಿದಂಡೆ

ಕ್ಲೀನರಿನ ತುದಿ ಮಾತ್ರ ಕಂದು, ನೀವು ಹೇಳಿದಷ್ಟೇ ಉದ್ದ. ಹೊಸ ಸ್ಟೆಮ್ ಮಾಡದೆ ಸರಿಪಡಿಸಬಹುದೇ?

ತಿರುಗಣಿ_ಶಿರಸಿ

ಆಗುತ್ತದೆ. ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಕಡ್ಡಿಯಲ್ಲಿ ಹೊರಗೆ 7.9 ಮಿಮೀ, ಒಳಗೆ 4 ಮಿಮೀ, ಉದ್ದ 4.6 ಮಿಮೀ ಇರುವ ಒಂದು ಬಳೆ ಕಡೆದು ಮಾರ್ಟಿಸಿನ ತಳಕ್ಕೆ ಕೂರಿಸಿ. 0.4 ಮಿಮೀ ಸಂದು ಬೇಕೆಂದೇ ಬಿಟ್ಟದ್ದು. ಪೂರ್ತಿ ಮುಚ್ಚಿದರೆ ಮರ ಕುಗ್ಗಿದಾಗ ಟೆನನ್ ಮೊದಲು ತಳಕ್ಕೆ ತಾಗಿ, ಸ್ಟೆಮ್ಮಿನ ಭುಜಕ್ಕೂ ಶಾಂಕಿಗೂ ನಡುವೆ ಬಿರುಕು ಕಾಣುತ್ತದೆ, ಬಲವಂತ ಮಾಡಿದರೆ ಶಾಂಕ್ ಸೀಳುತ್ತದೆ. ಅಂಟು ಹಾಕಬೇಡಿ. ಬಳೆಯನ್ನು ತೆಗೆದು ತೊಳೆಯುವಂತಿರಲಿ.

ಸ್ಟೆಮ್ ಕೊರೆಯುವಾಗ ಟೆನನ್ ಕಡೆಯಿಂದ 4 ಮಿಮೀ ಬಿಟ್ ಹಾಕಿ, ಬಾಯಿ ತುದಿಗೆ 20 ಮಿಮೀ ಇರುವಾಗ ನಿಲ್ಲಿಸಿ. ಅಲ್ಲಿಂದ ಮುಂದೆ 3 ಮಿಮೀ. ಅಕ್ರಿಲಿಕ್ ಬಿಸಿಯಾದರೆ ಕರಗಿ ಬಿಟ್ಟಿಗೆ ಅಂಟುತ್ತದೆ, ಒಳಗೋಡೆ ಒರಟಾಗುತ್ತದೆ, ಆ ಒರಟಿನಲ್ಲೇ ಮತ್ತೆ ಹನಿ ನಿಲ್ಲುತ್ತದೆ. ಆದ್ದರಿಂದ ವೇಗ ಕಡಿಮೆ, ಸೋಪುನೀರು, ಪ್ರತಿ 5 ಮಿಮೀಗೆ ಬಿಟ್ ಹೊರಗೆಳೆದು ಪುಡಿ ಕೊಡವುವುದು. ಹಳೆಯ 2.5 ಮಿಮೀ ತೂತೇ ದಾರಿ ತೋರುವುದರಿಂದ ಬಿಟ್ ಪಕ್ಕಕ್ಕೆ ಸರಿಯುವ ಭಯ ಕಡಿಮೆ.

ಬಾಯಿ ತುದಿಯ ಸೀಳನ್ನು ಅಕ್ಕಸಾಲಿಗರ ಸಣ್ಣ ಅರದಿಂದ 1.6 ಮಿಮೀ ಎತ್ತರ, 10 ಮಿಮೀ ಅಗಲಕ್ಕೆ ತನ್ನಿ. 4 ಮಿಮೀ ತೂತಿನ ಬಾಯಿ ಸುಮಾರು 12.6 ಚದರ ಮಿಮೀ, ನಿಮ್ಮ ಈಗಿನ ಸೀಳು ಬರೀ 6, ಹೊಸದು 16. ಒಳಗಡೆ ಅದು ಬೀಸಣಿಗೆಯಾಕಾರದಲ್ಲಿ ನಿಧಾನಕ್ಕೆ ತೆರೆದುಕೊಳ್ಳಬೇಕು, ಥಟ್ಟನೆ ಅಲ್ಲ. ಟೆನನ್ ತುದಿಯ ತೂತಿನ ಅಂಚನ್ನು ಕೌಂಟರ್‌ಸಿಂಕ್ ಬಿಟ್ಟಿನಲ್ಲಿ ಕೈಯಿಂದಲೇ ತಿರುಗಿಸಿ ಆಲಿಕೆಯಂತೆ ಮಾಡಿ. ಕೊನೆಗೆ ಎಮರಿ ಪೇಪರಿನ ಸಣ್ಣ ಸುರುಳಿಯಿಂದ ಒಳಗೆ ನಯ ಮಾಡಿ. ಕ್ಲೀನರ್ ತುಟಿಯಿಂದ ಕುಳಿಯವರೆಗೆ ಎಲ್ಲೂ ತಡೆಯದೆ ಹೋಗಬೇಕು. ಪರೀಕ್ಷೆ ಅಷ್ಟೇ.

ಶರಾವತಿ_ತೀರ (ಹೊನ್ನಾವರ)

ಇಷ್ಟು ಒಪ್ಪುತ್ತೇನೆ. ಆದರೆ ನಮ್ಮ ಕರಾವಳಿಯ ಹವೆಗೆ ಎರಡನೆಯ ದಾರಿಯೇ ಮೇಲು ಎಂದು ನನ್ನ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರವೂ ಒಣಗುವುದಿಲ್ಲ, ತಂಬಾಕೂ ಒಣಗುವುದಿಲ್ಲ. ನಯವಾದ ದಾರಿ ಕೊರೆದರೂ ಆವಿ ಅಷ್ಟು ಹೆಚ್ಚಾದಾಗ ಸ್ಟೆಮ್ಮಿನಲ್ಲೇ ನೀರಾಗುತ್ತದೆ. ಡಬ್ಲಿನ್‌ನ ಚಾರ್ಲ್ಸ್ ಪೀಟರ್ಸನ್ 1890ರಲ್ಲಿ ಪೇಟೆಂಟ್ ಪಡೆದ ‘ಸಿಸ್ಟಮ್’ ಪೈಪಿನ ಹಂಚಿಕೆ ಇದೇ: ಬಾಗಿದ ಶಾಂಕಿನಲ್ಲಿ ಗಾಳಿರಂಧ್ರಕ್ಕಿಂತ ಕೆಳಗೆ ಒಂದು ಗುಂಡಿ, ನೀರು ಅಲ್ಲಿಗೆ ಇಳಿಯುತ್ತದೆ, ಹೊಗೆ ಮೇಲಿನಿಂದ ಹೋಗುತ್ತದೆ. ಪೈಪ್ ಬಾಗಿರಲೇಬೇಕು, ನೇರ ಪೈಪಿನಲ್ಲಿ ಈ ಗುಂಡಿಗೆ ಅರ್ಥವಿಲ್ಲ.

ನೇರ ಆಕಾರವೇ ಬೇಕಿದ್ದರೆ ಶಾಂಕಿನೊಳಗೇ ಕೋಣೆ ಮಾಡುವ ‘ರಿವರ್ಸ್ ಕ್ಯಾಲಬಾಶ್’ ವಿನ್ಯಾಸ. ಹೊಸ ತುಂಡು ಮರ ಬೇಕು, ಈಗಿನ ಶಾಂಕ್ ಸಾಲದು. ಶಾಂಕಿನ ಹೊರ ಅಗಲ 24 ಮಿಮೀ, ಒಳಗೆ 14 ಮಿಮೀ ಅಗಲದ 30 ಮಿಮೀ ಉದ್ದದ ಕೋಣೆ. ಗೋಡೆ 5 ಮಿಮೀ ಉಳಿಯುತ್ತದೆ. ಹೊಗೆಯ ವೇಗ ಇಲ್ಲಿ ಹನ್ನೆರಡನೇ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಮೊದಲು 14 ಮಿಮೀ ಕೊರೆದು, ಮರ ಹಿಡಿದ ಚಕ್ ಸಡಿಲಿಸದೆ ಅದೇ ಕೇಂದ್ರದಲ್ಲಿ ಉದ್ದನೆಯ 4 ಮಿಮೀ ಬಿಟ್ ಹಾಕಿ ಕುಳಿಯವರೆಗೆ ಹೋಗಿ. ಮರವನ್ನು ಬಿಚ್ಚಿ ಮತ್ತೆ ಕಟ್ಟಿದರೆ ತೂತು ಓರೆಯಾಗುವುದು ಖಚಿತ.

ಮುಖ್ಯವಾದದ್ದು ಸ್ಟೆಮ್ಮಿನ ಕೊಳವೆ. ಅದು ಕೋಣೆಯೊಳಗೆ 10 ಮಿಮೀ ಚಾಚಿರಬೇಕು. ಚಾಚದಿದ್ದರೆ ಪೈಪ್ ಸ್ವಲ್ಪ ವಾಲಿದಾಗ ಗೋಡೆಯ ನೀರು ನೇರ ಸ್ಟೆಮ್ಮಿಗೆ ಹರಿಯುತ್ತದೆ. ಅದಕ್ಕಿಂತ ಹೆಚ್ಚು ಚಾಚಿದರೆ ಎದುರಿನ ಗಾಳಿರಂಧ್ರಕ್ಕೆ ಹತ್ತಿರವಾಗಿ ಹೊಗೆ ನಿಧಾನಿಸದೆ ನೇರ ಹಾರಿಹೋಗುತ್ತದೆ, ಕೋಣೆ ಇದ್ದೂ ಇಲ್ಲದಂತೆ. ಪ್ರತಿ ಸಲವೂ ಕೋಣೆಯನ್ನು ಹತ್ತಿಬಟ್ಟೆಯಿಂದ ಒರೆಸಬೇಕು. ಮಳೆಗಾಲದಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ತಿರುಗಣಿ_ಶಿರಸಿ

ಒರೆಸುವ ಶಿಸ್ತು ಇರುವವರಿಗೆ ಕೋಣೆ ಸರಿ. ಇಲ್ಲದವರಿಗೆ ನಯ ದಾರಿಯೇ ಸುರಕ್ಷಿತ, ಒಂದು ಕ್ಲೀನರಿನಲ್ಲಿ ಕೆಲಸ ಮುಗಿಯುತ್ತದೆ.

ಕಾಳಿದಂಡೆ

ಬಳೆ ಹಾಕಿ, ಸ್ಟೆಮ್ ಕೊರೆದಾಯಿತು. ಗುಳುಗುಳು ನಿಂತಿದೆ. ತಳದ ಒದ್ದೆ ತಂಬಾಕು ಮಾತ್ರ ಹಾಗೇ ಇದೆ.

ತಿರುಗಣಿ_ಶಿರಸಿ

ಅದು ಗಾಳಿರಂಧ್ರ ತಳಕ್ಕಿಂತ 3 ಮಿಮೀ ಮೇಲಿರುವುದರ ಫಲ. ಗಾಳಿ ಮೇಲಿನಿಂದಲೇ ತಿರುಗಿಹೋಗುತ್ತದೆ, ಕೆಳಗಿನ ತಂಬಾಕಿಗೆ ಕೆಂಡ ಮುಟ್ಟುವುದಿಲ್ಲ, ಮೇಲಿನ ಆವಿಯೆಲ್ಲ ಅಲ್ಲಿ ಇಳಿಯುತ್ತದೆ. ರಂಧ್ರವನ್ನು ಕೆಳಗೆ ತರಲಾಗದು, ತಳವನ್ನು ಮೇಲೆ ತನ್ನಿ. ರಂಧ್ರದೊಳಗೆ ಕ್ಲೀನರ್ ತೂರಿಸಿಟ್ಟು, ಜರಡಿ ಹಿಡಿದ ಬೂದಿಯನ್ನು ನಾಲ್ಕೈದು ಹನಿ ನೀರಿನಲ್ಲಿ ಗಟ್ಟಿಯಾಗಿ ಕಲಸಿ ತಳಕ್ಕೆ ಒತ್ತಿ, ರಂಧ್ರದ ಕೆಳ ಅಂಚಿಗೆ ಸಮವಾಗಿ ಬಟ್ಟಲಿನಾಕಾರಕ್ಕೆ ಸವರಿ. ಕ್ಲೀನರನ್ನು ಅರ್ಧ ತಾಸಿಗೊಮ್ಮೆ ತಿರುಗಿಸುತ್ತಿರಿ, ಇಲ್ಲವಾದರೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಎರಡು ಮೂರು ದಿನ, ಮಳೆಗಾಲದಲ್ಲಿ ವಾರ ಒಣಗಲಿ.

ಗೋಡೆಗೂ ಒಂದು ಲೇಪ ಕೊಡಿ. ಹುಳಿ ಮೊಸರಿಗೆ ಸಕ್ರಿಯ ಇದ್ದಿಲ ಪುಡಿ ಬೆರೆಸಿ, ಬಣ್ಣದಷ್ಟು ತೆಳುವಾಗಿ ಬಳಿಯಬೇಕು. ಹುಣಸೆ ಚೇಗು ದಟ್ಟ, ನೀರನ್ನು ಹೀರುವುದಿಲ್ಲ. ಪೈಪಿಗೆ ಸಾಮಾನ್ಯವಾಗಿ ಬಳಸುವ ಬ್ರೈಯರ್ ಎಂದರೆ ಮೆಡಿಟರೇನಿಯನ್ ಕಡೆಯ ಎರಿಕಾ ಆರ್ಬೋರಿಯಾ ಗಿಡದ ಬೇರುಗಂಟು. ಅದನ್ನು ತಾಸುಗಟ್ಟಲೆ ಕುದಿಸಿ ರಸ ತೆಗೆದು ತಿಂಗಳುಗಟ್ಟಲೆ ಒಣಗಿಸಿರುತ್ತಾರೆ, ಅದಕ್ಕೇ ಅದು ತೇವವನ್ನು ಸ್ವಲ್ಪ ಕುಡಿಯುತ್ತದೆ. ನಮ್ಮ ಮರದಲ್ಲಿ ಆ ಕೆಲಸವನ್ನು ಲೇಪ ಮತ್ತು ಕಾಲಕ್ರಮೇಣ ಕಟ್ಟುವ ಇದ್ದಿಲ ಪದರ ಮಾಡಬೇಕು. ಪದರ 1 ಮಿಮೀ ದಾಟದಂತೆ ಕೆರೆಯುತ್ತಿರಿ, ದಪ್ಪವಾದರೆ ಬಿಸಿಗೆ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ.

ಅಘನಾಶಿನಿ (ಕುಮಟಾ)

ತಂಬಾಕಿನ ತೇವದ ಬಗ್ಗೆ ಹೇಳದೆ ಬಿಟ್ಟಿರಿ. ಶೇ. 18ರಿಂದ 12ಕ್ಕೆ ಇಳಿಸಬೇಕಾದರೆ 10 ಗ್ರಾಂ ತಂಬಾಕು 9.3 ಗ್ರಾಂ ಆಗಬೇಕು. ಚಿನ್ನ ತೂಗುವಂಥ ಸಣ್ಣ ತಕ್ಕಡಿ ಸಾಕು. ತಕ್ಕಡಿ ಇಲ್ಲದಿದ್ದರೆ ಬೆರಳಲ್ಲಿ ಒತ್ತಿ ಬಿಡಿ: ಉಂಡೆಯಾಗಿಯೇ ಉಳಿದರೆ ಹಸಿ, ಮೆಲ್ಲನೆ ಬಿಚ್ಚಿಕೊಂಡರೆ ಸರಿ, ಪುಡಿಯಾದರೆ ಅತಿ ಒಣಗಿದೆ. ಆಷಾಢದಲ್ಲಿ ತಟ್ಟೆಯಲ್ಲಿ ಹರವಿಟ್ಟರೆ ಒಣಗುವ ಬದಲು ಇನ್ನೂ ತೇವ ಎಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ದಿನಕ್ಕೊಮ್ಮೆ ತೂಗಿ. ಬಚ್ಚಲೊಲೆಯ ಮೇಲೆ ಇಡಬೇಡಿ, ಕಟ್ಟಿಗೆ ಹೊಗೆಯ ವಾಸನೆ ಪೂರ್ತಿ ಹೀರಿಕೊಳ್ಳುತ್ತದೆ.

ಫಿಲ್ಟರ್ ಕೇಳಿದ್ದಿರಿ. ಅಂಗಡಿಯ 9 ಮಿಮೀ ಇದ್ದಿಲ ಫಿಲ್ಟರಿಗೆ ಸ್ಟೆಮ್ಮನ್ನೇ ಬೇರೆ ಮಾಡಬೇಕು. ಇಟಲಿಯ ಸವಿನೆಲ್ಲಿ ಕಂಪನಿಯವರ ಪೈಪುಗಳಲ್ಲಿ 6 ಮಿಮೀ ತೂತಿಗೆ ಮುಮ್ಮೂಲೆಯ ಬಾಲ್ಸಾ ಕಡ್ಡಿ ಇರುತ್ತದೆ. ನಮ್ಮಲ್ಲಿ ಅದಕ್ಕೆ ಬಾಸಿಂಗ ಮಾಡುವ ಬೆಂಡು ಇದೆ, ಗುಡಿಗಾರರ ಹತ್ತಿರ ಸಿಗುವಂಥದ್ದು. ಬಣ್ಣ ಹಚ್ಚದ ಬೆಂಡನ್ನು ಮುಮ್ಮೂಲೆಯಾಗಿ 30 ಮಿಮೀ ಉದ್ದ ಕೊಯ್ದು ಹಾಕಿ. ತೂತಿನ ಅರ್ಧಕ್ಕಿಂತ ಹೆಚ್ಚು ಜಾಗ ತುಂಬದಿರಲಿ, ನೆನೆದರೆ ಉಬ್ಬಿ ದಾರಿ ಮುಚ್ಚುತ್ತದೆ. ಒಮ್ಮೆ ಬಳಸಿ ಎಸೆಯುವುದು.

ಮತ್ತೆ ಕ್ಯಾಲಬಾಶ್ ಎಂದಿರಲ್ಲ, ಅದು ನಮ್ಮ ಸೋರೆಯೇ, ಅದೇ ಜಾತಿ. ಕತ್ತು ಬಾಗಿದ ಬುರುಡೆ, ಬಳ್ಳಿಯಲ್ಲೇ ತೊಟ್ಟು ಒಣಗುವವರೆಗೆ ಬಿಟ್ಟದ್ದು, ಒಳಗಿನ ತಿರುಳು ಪೂರ್ತಿ ಕೆರೆದದ್ದು. ಬಾಯಿಗೆ ಕಾರ್ಕಿನ ಬಳೆ, ಅದರ ಮೇಲೆ ತೆಗೆದು ಹಾಕುವಂಥ ಬಟ್ಟಲು. ಅಸಲು ಪೈಪಿನಲ್ಲಿ ಮೀರ್‌ಶಾಮ್ ಕಲ್ಲಿನದು, ನಾವು ಮೆರುಗು ಹಚ್ಚದ ಸುಟ್ಟ ಮಣ್ಣಿನದನ್ನು ಹಾಕಬಹುದು. ಮಣ್ಣು ತೇವವನ್ನು ಚೆನ್ನಾಗಿ ಹೀರುತ್ತದೆ, ಆದರೆ ಕೈ ಸುಡುವಷ್ಟು ಕಾಯುತ್ತದೆ. ಕೆಳಗಿನ ಇಡೀ ಬುರುಡೆಯೇ ತಣಿಸುವ ಕೋಣೆ. ಒಣ ಹೊಗೆಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಇಲ್ಲ ಎಂದೇ ಹೇಳುತ್ತೇನೆ.

ಶರಾವತಿ_ತೀರ

ಇದನ್ನು ಓದಿ ಸಿಕ್ಕ ಮರದಲ್ಲೆಲ್ಲ ಬಟ್ಟಲು ಕಡೆಯಲು ಹೊರಡುವವರಿಗೆ: ಗೇರು, ಹೊಲಗೇರು ಬೇಡ, ಸೊನೆಯಿಂದ ಚರ್ಮ ಬೊಬ್ಬೆ ಏಳುತ್ತದೆ. ಕಣಗಿಲೆ ವಿಷ, ಅದರ ಹೊಗೆಯೂ ವಿಷ. ಬೀಟೆಯ ಪುಡಿ ಹಲವರಿಗೆ ಅಲರ್ಜಿ, ಎಣ್ಣೆಯಂಶವೂ ಇದೆ, ಕೆಂಡ ತಾಗುವಲ್ಲಿ ಬೇಡ. ಪಿವಿಸಿ ಕೊಳವೆಯನ್ನು ಎಲ್ಲೂ ಬಳಸಬೇಡಿ. ಇನ್ನು, ಹೊಗೆ ಒಣಗಿತು ಎಂದರೆ ನೀರು ಬಾಯಿಗೆ ಬರಲಿಲ್ಲ ಎಂದಷ್ಟೇ. ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಬಂದೇ ಬರುತ್ತವೆ, ಯಾವ ಕೋಣೆಯೂ ಯಾವ ಬೆಂಡೂ ತಂಬಾಕಿನ ಅಪಾಯವನ್ನು ತೆಗೆಯುವುದಿಲ್ಲ.

ಕಾಳಿದಂಡೆ

ಎಲ್ಲರಿಗೂ ಧನ್ಯವಾದ. ತಳ ಏರಿಸಿ ಒಣಗಲು ಇಟ್ಟಿದೆ. ಈ ತೇವಕ್ಕೆ ಟೆನನ್ ಕಚ್ಚಿಕೊಂಡು ಬಿಚ್ಚಲು ಬರುತ್ತಿಲ್ಲ, ಏನು ಮಾಡಲಿ?

ತಿರುಗಣಿ_ಶಿರಸಿ

ತಿರುಚಬೇಡಿ ಮಾರಾಯ್ರೆ, ಟೆನನ್ ಮುರಿದು ಒಳಗೇ ಉಳಿಯುತ್ತದೆ. ಬೂದಿ ಒಣಗಿದ ಮೇಲೆ ಪೈಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿ ಅರ್ಧ ತಾಸು ಇಡಿ, ಹೊರತೆಗೆದ ತಕ್ಷಣ ಒಂದೇ ದಿಕ್ಕಿಗೆ ಮೆಲ್ಲನೆ ತಿರುಗಿಸಿ ಎಳೆಯಿರಿ. ಬಿಚ್ಚಿದ ಮೇಲೆ ಟೆನನ್ನಿಗೆ ಮೆತ್ತನೆಯ ಪೆನ್ಸಿಲ್ ಸೀಸವನ್ನು ಸುತ್ತಲೂ ಉಜ್ಜಿ. ಅರದಿಂದ ಸವೆಸಬೇಡಿ, ಫೆಬ್ರವರಿಯ ಒಣಹವೆಗೆ ಅದೇ ಟೆನನ್ ಸಡಿಲವಾಗುತ್ತದೆ. ಆಗ ಸೀಸ ಒರೆಸಿ ಚೂರು ಜೇನುಮೇಣ ಸವರಿದರೆ ಬಿಗಿಯುತ್ತದೆ.