ಕ್ಲಚ್ ಪೆಡಲ್ ನೆಲಕ್ಕೆ ಕೂರ್ತಿದೆ, ಏರ್ ಪೂರ್ತಿ ತೆಗೆಯೋದು ಹೇಗೆ?

ಮೆಕ್ಕೆಜೋಳ ಲೋಡ್, ದಾವಣಗೆರೆ:
ಪಿಕಪ್‌ಗೆ ಹೊಸ ಕ್ಲಚ್ ಸ್ಲೇವ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸೋದು) ಹಾಕೀವಿ. ಪೆಡಲ್ ತುಳಿದ್ರೆ ಮೇಲೆ ಬರಂಗಿಲ್ಲ, ರಿವರ್ಸ್ ಹಾಕಿದ್ರೆ ಕರಕರ ಅಂತೈತಿ. ಇಪ್ಪತ್ತು ಸಲ ಪಂಪ್ ಹೊಡೆದು ಗಾಳಿ ಬಿಡೋ ನಿಪ್ಪಲ್ ಬಿಚ್ಚಿದ್ರೂ ಗುಳ್ಳೆ ನಿಲ್ಲವಲ್ದು. ಬ್ರೇಕೂ ಮೆತ್ತಗೈತಿ. ನಾಳೆ ಎಪಿಎಂಸಿಗೆ ಲೋಡ್ ಐತಿ.

ಹತ್ತರ ಸ್ಪ್ಯಾನರ್, ಹರಿಹರ:
ಅಣ್ಣಾ, ಮೊದ್ಲು ಆ ಪಂಪ್ ಹೊಡೆಯೋದು ನಿಲ್ಸ್ರಿ. ಜೋರಾಗಿ ತುಳಿದಂಗೆಲ್ಲ ಒಂದು ಗುಳ್ಳೆ ಒಡೆದು ನೊರೆ ಆಗ್ತೈತಿ, ನೊರೆ ಬೇಗ ಹೊರಗೆ ಬರಂಗಿಲ್ಲ. ಅರ್ಧ ಗಂಟೆ ಬಿಡ್ರಿ.

ಆಮೇಲೆ ಒಳಗಿಂದು ಕಾಣೋ ಪೈಪನ್ನ ನಿಪ್ಪಲ್‌ಗೆ ಬಿಗಿಯಾಗಿ ಕೂರ್ಸ್ರಿ. ಇನ್ನೊಂದು ತುದಿ ಬಾಟ್ಲಿಯಾಗಿನ ಎರಡು ಬೆರಳಷ್ಟು ಹೊಸ ಬ್ರೇಕ್ ಆಯಿಲ್‌ನಾಗೆ ಮುಳುಗಿರಬೇಕು. ಸೀಟಿನಾಗಿರೋರು ನಿಧಾನಕ್ಕೆ ಮೂರು ಸಲ ತುಳಿದು, ಒತ್ತಿ ಹಿಡ್ಕೊಂಡು "ಹಿಡಿದೆ" ಅನ್ಬೇಕು. ಕೆಳಗಿರೋರು ಕಾಲು ಸುತ್ತು ಬಿಚ್ಚಿ, ಆಯಿಲ್ ಬಂದ ತಕ್ಷಣ ಮುಚ್ಚಿ "ಮುಚ್ಚಿದೆ" ಅಂದ ಮೇಲೇನೆ ಕಾಲು ತೆಗೀಬೇಕು. ನಿಪ್ಪಲ್ ತೆರೆದಿರುವಾಗ ಕಾಲು ತೆಗೆದ್ರೆ ಥ್ರೆಡ್ ಸಂದಿಯಿಂದ ಗಾಳಿ ವಾಪಸ್ ಒಳಗೆ ಹೋಗ್ತೈತಿ. ನಿಮ್ಮ ಗುಳ್ಳೆ ಮುಗಿಯದೇ ಇರೋಕೆ ಇದೇ ಕಾರಣ ಇರಬೇಕು. ಪೆಡಲ್ ತಾನಾಗಿ ಬರದಿದ್ರೆ ಕೈಯಿಂದ ಎತ್ರಿ. ಐದಾರು ಸಲಕ್ಕೊಮ್ಮೆ ಆಯಿಲ್ ಡಬ್ಬಿ ನೋಡ್ರಿ, ಮಿನಿಮಮ್ ಗೆರೆಗಿಂತ ಕೆಳಗೆ ಇಳೀದಂಗೆ ತುಂಬಿಸ್ರಿ; ಖಾಲಿಯಾದ್ರೆ ಗಾಳಿ ಹೊಕ್ಕು ಮತ್ತೆ ಮೊದಲಿಂದ.

ಅಷ್ಟಾದ್ರೂ ಬರದಿದ್ರೆ ಸ್ಲೇವ್‌ನಾಗೆ ನಿಪ್ಪಲ್ ಎಲ್ಲೈತಿ ನೋಡ್ರಿ. ಗಾಳಿ ಮೇಲಕ್ಕೇ ಏರೋದು. ನಿಪ್ಪಲ್ ಕೆಳಗಿದ್ರೆ ಬೋಲ್ಟ್ ಬಿಚ್ಚಿ, ನಿಪ್ಪಲ್ ಮೇಲೆ ಬರೋಹಂಗೆ ಓರೆ ಹಿಡಿದು, ಪಿಸ್ಟನ್‌ಗೆ ತಾಗಿರೋ ಪುಶ್‌ರಾಡ್ ಪೂರ್ತಿ ಒಳಗೆ ಒತ್ತಿ ಇಟ್ಕೊಂಡು ಏರ್ ತೆಗೀರಿ. ರಾಡ್ ಬಿಟ್ಟು ಪೆಡಲ್ ತುಳಿದ್ರೆ ಪಿಸ್ಟನ್ ಹೊರಗೆ ಬಿದ್ದುಬಿಡ್ತೈತಿ.

ಕೋಟೆ ಕೆಳಗೆ, ಚಿತ್ರದುರ್ಗ:
ಅದೇ ಕೈಯಲ್ಲಿ ಬ್ರೇಕ್‌ನ ಏರೂ ತೆಗೆದುಬಿಡಿ. ಕ್ಲಚ್‌ಗೂ ಬ್ರೇಕ್‌ಗೂ ಒಂದೇ ಡಬ್ಬಿ ಇದ್ದು, ಆಯಿಲ್ ಪೂರ್ತಿ ಇಳಿದಿದ್ದರೆ ಅಲ್ಲೂ ಗಾಳಿ ಹೊಕ್ಕಿರುತ್ತೆ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ನಿಂದ (ಪೆಡಲ್ ತುಳಿದಾಗ ಆಯಿಲ್ ತಳ್ಳೋದು) ದೂರ ಇರೋ ಎಡ ಹಿಂದಿನ ಚಕ್ರ ಮೊದಲು, ಆಮೇಲೆ ಬಲ ಹಿಂದಿಂದು, ಎಡ ಮುಂದಿಂದು, ಕೊನೆಗೆ ಬಲ ಮುಂದಿಂದು. ಕೆಲವು ಗಾಡಿಗೆ ಕಂಪನಿ ಬೇರೆ ಕ್ರಮ ಹೇಳಿರುತ್ತೆ, ಇದ್ದರೆ ಅದೇ ಮಾಡಿ. ಹಿಂದಿನ ಆಕ್ಸಲ್ ಮೇಲೆ ಲೋಡ್ ನೋಡೋ ವಾಲ್ವ್ ಇದ್ದರೆ ಗಾಡಿ ಜಾಕ್ ಮೇಲೆ ನೇತಾಡಬಾರದು, ಚಕ್ರ ನೆಲದ ಮೇಲೇ ಇರಲಿ. ಇಲ್ಲದಿದ್ದರೆ ವಾಲ್ವ್ ಹಿಂದಕ್ಕೆ ಆಯಿಲ್ ಬಿಡಲ್ಲ. ಹಳೇ ಮಾಸ್ಟರ್ ಆದರೆ ಪೆಡಲ್ ಕೆಳಗೆ ಮರದ ತುಂಡು ಇಡಿ, ಪೂರ್ತಿ ತುಳಿದರೆ ತುಕ್ಕು ಹಿಡಿದ ಜಾಗಕ್ಕೆ ಒಳಗಿನ ರಬ್ಬರ್ ಕಪ್ ಹೋಗಿ ಹರಿಯುತ್ತೆ. ಏರ್ ತೆಗೆದ ಮೇಲೂ ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಇಳಿಯುತ್ತಿದ್ದು, ಹೊರಗೆಲ್ಲೂ ಲೀಕ್ ಕಾಣದಿದ್ದರೆ ಅದು ಮಾಸ್ಟರ್ ಕಪ್‌ದೇ ದೋಷ.

ಗಿರಿ ರಸ್ತೆ:
ಡಬ್ಬಿ ಮುಚ್ಚಳದಲ್ಲಿ ಡಾಟ್ 3 ಅಥವಾ ಡಾಟ್ 4 (ಬ್ರೇಕ್ ಆಯಿಲ್ ದರ್ಜೆ) ಏನು ಬರೆದಿದೆಯೋ ಅದೇ ಹಾಕಿ. ಡಾಟ್ 5 ಸಿಲಿಕೋನ್, ಬೆರೆಯಲ್ಲ. ಬಾಟ್ಲಿಗೆ ಬಂದ ಆಯಿಲ್ ವಾಪಸ್ ಸುರಿಯಬೇಡಿ, ಅದು ನೀರು ಹೀರಿರುತ್ತೆ: ಡಾಟ್ 4ರ ಕುದಿಬಿಂದು ಹೊಸದಕ್ಕೆ ಕನಿಷ್ಠ 230 ಡಿಗ್ರಿ, ನೀರು ಸೇರಿದ ಮೇಲೆ 155. ಲೋಡ್ ತುಂಬಿ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಆಯಿಲ್ ಕುದಿದು ಪೆಡಲ್ ಖಾಲಿ ಹೋಗುತ್ತೆ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ.

ಮೆಕ್ಕೆಜೋಳ ಲೋಡ್:
ನಿಪ್ಪಲ್ ಕೆಳಗೇ ಐತಿ ಅಣ್ಣಾ. ಸಿಲಿಂಡರ್ ಬಿಚ್ಚಿ ಓರೆ ಹಿಡಿದು ತೆಗಿತೀವಿ, ಬ್ರೇಕ್ ಹಿಂದಿನ ಚಕ್ರದಿಂದ.